ಹಾಗಲವಾಡಿಯಲ್ಲಿ ನನ್ನನ್ನು ಹುಡುಕಿದ್ದು

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ನಾಲ್ಕು ಸಾಲು ಓದಿ ಪುಟ ತಿರುವಿಹಾಕುತ್ತಿದ್ದವನು. ಬರೆದವರು ಸುಳ್ಳು ಹೇಳುತ್ತಾರೆ ಎಂದಲ್ಲ. ಹೆದರಿಕೆಯಲ್ಲೋ ನಿದ್ದೆಗಣ್ಣಲ್ಲೋ ಏನನ್ನೋ ಕಂಡಿರುತ್ತಾರೆ, ಆಮೇಲೆ ಹೇಳುತ್ತ ಹೇಳುತ್ತ ಅದಕ್ಕೆ ಕೈಕಾಲು ಮೂಡಿರುತ್ತದೆ ಎಂದುಕೊಳ್ಳುತ್ತಿದ್ದೆ. ಈಗ ನಾನೇ ಒಂದನ್ನು ಬರೆಯಲು ಕೂತಿದ್ದೇನೆ. ಇದರಲ್ಲಿ ದೆವ್ವವಿಲ್ಲ, ಕತ್ತಲೆಯೂ ಇಲ್ಲ. ನಡೆದದ್ದು ಒಂದು ಭಾನುವಾರ ಮಟಮಟ ಮಧ್ಯಾಹ್ನ, ಊರಿನ ಹತ್ತಾರು ಜನ ನೋಡುತ್ತಿರುವಾಗ. ನಂಬಿ ಎಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನನ್ನ ಊರು ಧಾರವಾಡ. ಎಂಜಿನಿಯರಿಂಗ್ ಓದುತ್ತಿದ್ದೆ. ರಜೆಯಲ್ಲಿ ಯಾವುದಾದರೂ ಕಾರ್ಖಾನೆಯಲ್ಲಿ ತರಬೇತಿ ಪಡೆಯಬೇಕೆಂಬ ನಿಯಮವಿತ್ತು. ನನಗೆ ಸಿಕ್ಕಿದ್ದು ತುಮಕೂರಿನ ಹತ್ತಿರದ ಹಿರೇಹಳ್ಳಿಯಲ್ಲಿ ಪಂಪಿನ ಭಾಗಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆ. ಮನೆ ಬಿಟ್ಟು ಅಷ್ಟು ದಿನ ದೂರ ಇದ್ದದ್ದು ಅದೇ ಮೊದಲು. ಅಲ್ಲಿ ನನ್ನ ಹಾಗೆಯೇ ತರಬೇತಿಗೆ ಬಂದ ಇನ್ನೊಬ್ಬನಿದ್ದ, ಮಳವಳ್ಳಿ ಕಡೆಯ ನಂಜುಂಡ. ಇಬ್ಬರೂ ಸೇರಿ ತುಮಕೂರಿನಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುವ ಗಫಾರ್ ಸಾಬರ ಮನೆಯ ಮೇಲಿನ ಒಂದೇ ಕೋಣೆಯನ್ನು ಬಾಡಿಗೆಗೆ ಹಿಡಿದೆವು.

ನಂಜುಂಡನನ್ನು ಕಂಡವರಿಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಧಾರವಾಡದವನೆಂದು ನನಗೆ ಮೊದಲ ದಿನವೇ 'ಪೇಡಾ' ಎಂದು ಹೆಸರಿಟ್ಟ. ನನ್ನ ಮಾತನ್ನು ಅಣಕಿಸುವುದು, ಬಸ್ಸಿನಲ್ಲಿ ಅಪರಿಚಿತರ ಜೊತೆ ಪಟ್ಟಾಂಗ ಹೊಡೆಯುವುದು, ಒಂದು ನಿಮಿಷವೂ ಒಬ್ಬನೇ ಇರಲಾಗದೆ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು, ಇದೇ ಅವನ ಕೆಲಸ. ವಾರವೆಲ್ಲ ಕಬ್ಬಿಣದ ಪುಡಿಯಲ್ಲಿ ಕೈ ಕಪ್ಪು ಮಾಡಿಕೊಂಡು, ಭಾನುವಾರ ಬಂತೆಂದರೆ ಒಂದು ಪ್ಲಾಸ್ಟಿಕ್ ನೀರಿನ ಕ್ಯಾನು ಹೆಗಲಿಗೆ ಹಾಕಿಕೊಂಡು ಊರು ನೋಡಲು ಹೊರಟುಬಿಡುತ್ತಿದ್ದೆವು. ದೇವರಾಯನದುರ್ಗ ಹತ್ತಿದೆವು, ಅಲ್ಲಿ ಕೋತಿಯೊಂದು ಅವನ ಕೈಯಿಂದ ಬನ್ನು ಕಿತ್ತುಕೊಂಡಿತು. ಗುಬ್ಬಿಗೆ ಹೋಗಿ ಪೇಟೆಯೆಲ್ಲ ಸುತ್ತಿದೆವು. ಕುಣಿಗಲ್ಲಿನಲ್ಲಿ ಕೆರೆ ಏರಿಯ ಮೇಲೆ ಕೂತು, ಕುದುರೆ ಫಾರಮ್ಮಿನ ಬೇಲಿಯಾಚೆಯಿಂದ ಕುದುರೆಗಳನ್ನು ನೋಡಿ, ಕೊನೆಗೆ ಬಸ್ಸು ತಪ್ಪಿ ತೆಂಗಿನಕಾಯಿ ಲಾರಿಯ ಮೇಲೆ ವಾಪಸಾದೆವು. ಕುಣಿಗಲ್ಲಿನ ಒಂದು ಹೋಟೆಲಿನಲ್ಲಿ ನಾನು ಹುಟ್ಟು ಮೂಗ ಎಂದು ಮಾಣಿಯನ್ನು ನಂಬಿಸಿ, ನಾನು ಕೈಸನ್ನೆಯಲ್ಲೇ ದೋಸೆ ಕೇಳುವಂತೆ ಮಾಡಿದ್ದ. ಅವನ ಚೇಷ್ಟೆಗಳು ಎಂಥವು ಎಂದು ನಿಮಗೆ ಗೊತ್ತಿರಲಿ ಎಂದೇ ಇದನ್ನು ಹೇಳುತ್ತಿದ್ದೇನೆ.

ಕಾರ್ಖಾನೆಯಲ್ಲಿ ಯಾರೋ, ಗುಬ್ಬಿಯಿಂದಾಚೆ ಹಾಗಲವಾಡಿ ಎಂಬ ಊರಿದೆ, ಹಿಂದೆ ಪಾಳೆಯಗಾರರಿದ್ದ ಊರು, ಕೋಟೆ ಗೋಡೆಯ ಚೂರುಪಾರು ಇನ್ನೂ ನಿಂತಿದೆ ಎಂದರು. ಮುಂದಿನ ಭಾನುವಾರ ಹೊರಟೆವು. ಗುಬ್ಬಿಯಲ್ಲಿ ಇಳಿದು ಹಳೆಯದೊಂದು ಖಾಸಗಿ ಬಸ್ಸು ಹತ್ತಿ ಹಾಗಲವಾಡಿ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬಸ್ಸು ನಿಲ್ಲುವ ಮರದ ಕೆಳಗೆ ಒಬ್ಬ ಹೆಂಗಸು ಗೋಣಿಚೀಲ ಹಾಸಿ ಸೌತೆಕಾಯಿ ಮಾರುತ್ತಿದ್ದಳು. ಸೀಳಿ ಉಪ್ಪು ಖಾರ ಸವರಿಸಿಕೊಂಡು ಒಬ್ಬೊಬ್ಬರು ಒಂದೊಂದು ತಿನ್ನುತ್ತ ನಡೆದೆವು.

ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ಕುಸಿದ ಗೋಡೆ, ನಡುನಡುವೆ ಮುಳ್ಳು ಪೊದೆ. ಗೋಡೆಯ ಪಕ್ಕ ಒಂದು ಬೇವಿನ ಮರದ ನೆರಳಿತ್ತು. ನಂಜುಂಡ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿಬಿಟ್ಟ. ಕ್ಯಾನಿನಲ್ಲಿ ನೀರು ಮುಗಿದಿತ್ತು. ನಾನು ಅದನ್ನು ತೆಗೆದುಕೊಂಡು ಊರಂಚಿನ ಬೋರ್‌ವೆಲ್ಲಿಗೆ ಹೋಗಿ, ಕೈಪಂಪು ಒತ್ತಿ ತುಂಬಿಸಿ, ಮುಖ ತೊಳೆದುಕೊಂಡು ವಾಪಸು ಬಂದೆ. ಬಹಳ ಹೊತ್ತೇನೂ ಆಗಿರಲಿಲ್ಲ.

ಅವನು ಎದ್ದು ನಿಂತು ಆ ಕಡೆ ಈ ಕಡೆ ನೋಡುತ್ತಿದ್ದ. ನನ್ನನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದ.

"ಸಾರ್, ಈ ಕಡೆ ಒಬ್ಬ ಹುಡುಗ ಹೋಗಿದ್ದು ನೋಡುದ್ರಾ? ಹಸಿರು ಶರ್ಟು, ದಪ್ಪ ಕನ್ನಡಕ. ನಮ್ ಫ್ರೆಂಡು. ಈಗ ಇಲ್ಲೇ ಇದ್ದ."

ಹೇಳಿದ್ದೆಲ್ಲ ನನ್ನದೇ ಚಹರೆ. ನಾನು ನಕ್ಕೆ. "ಏನ ಚಾಷ್ಟಿ ಹಚ್ಚೀಯಲೇ. ತಗೋ, ನೀರ ಕುಡಿ."

ಕ್ಯಾನು ತೆಗೆದುಕೊಂಡ. ಕುಡಿಯಲಿಲ್ಲ. ಅದನ್ನು ತಿರುಗಿಸಿ ನೋಡಿ, ನನ್ನ ಮುಖ ನೋಡಿದ. "ಇದು ನಮ್ದೇ ಕ್ಯಾನು ಸಾರ್. ನಿಮ್ಗೆ ಎಲ್ಲಿ ಸಿಕ್ತು?"

ಆ ದನಿಯಲ್ಲಿ ಚೇಷ್ಟೆ ಇರಲಿಲ್ಲ. ನನಗೆ ಅದು ಗೊತ್ತಾಯಿತು, ಆದರೂ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಹೆಗಲು ಹಿಡಿದು ಅಲ್ಲಾಡಿಸಿದೆ. ಅವನು ಮೆಲ್ಲಗೆ, ಮರ್ಯಾದೆಯಿಂದಲೇ, ನನ್ನ ಕೈ ತೆಗೆದು ಪಕ್ಕಕ್ಕೆ ಸರಿದ. ಆಮೇಲೆ ಬಾಯಿಗೆ ಎರಡೂ ಕೈ ಹಿಡಿದು "ಪೇಡಾ! ಏಯ್ ಪೇಡಾ!" ಎಂದು ಕೂಗುತ್ತ ಊರೊಳಗೆ ನಡೆದ. ನಾನು "ಇಲ್ಲೇ ಅದೀನಲೋ, ಇಲ್ಲೇ ಅದೀನಿ" ಎನ್ನುತ್ತ ಹಿಂದೆ ಹಿಂದೆ.

ಯಾರೋ ಪೇಡೆ ಮಾರಲು ಬಂದಿದ್ದಾರೆ ಎಂದುಕೊಂಡು ಒಂದಿಬ್ಬರು ಹೆಂಗಸರು ಬಾಗಿಲಿಗೆ ಬಂದರು. ಕಟ್ಟೆಯ ಮೇಲೆ ಕೂತಿದ್ದ ಗಂಡಸರಲ್ಲಿ, ತಲೆಗೆ ಟವೆಲ್ ಸುತ್ತಿದ್ದ ರಂಗಪ್ಪ ಎಂಬ ರೈತ ಇಳಿದು ಬಂದು ಏನೆಂದು ವಿಚಾರಿಸಿದ. ನಂಜುಂಡ ಮತ್ತೆ ಅದನ್ನೇ ಹೇಳಿದ. ಹಸಿರು ಶರ್ಟು, ದಪ್ಪ ಕನ್ನಡಕ, ಎಡಗೈಯಲ್ಲಿ ಕಪ್ಪು ಬೆಲ್ಟಿನ ವಾಚು, ಮಾತು ಧಾರವಾಡ ಕಡೇದು. ರಂಗಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇವ್ರೇ ಅಲ್ವೇನಪ್ಪಾ?"

ನಂಜುಂಡ ನನ್ನ ಕಡೆ ತಿರುಗಿದ. ಅಂಗಡಿಯಲ್ಲಿ ನಾವು ಕೇಳಿದ್ದು ಬಿಟ್ಟು ಬೇರೆ ಏನನ್ನೋ ತೆಗೆದಿಟ್ಟಾಗ ನೋಡುತ್ತೇವಲ್ಲ, ಹಾಗೆ ನೋಡಿದ. "ಇವ್ರಲ್ಲ ಸಾರ್. ಇವ್ರು ಯಾರೋ ಪಾಪ, ಈಗ ಸಿಕ್ಕುದ್ರು."

ಕಟ್ಟೆಯ ಮೇಲಿದ್ದವರು ಗೊಳ್ಳೆಂದು ನಕ್ಕರು. ಪಟ್ಟಣದ ಹುಡುಗರು ತಮಾಷೆ ಮಾಡುತ್ತಿದ್ದಾರೆಂದುಕೊಂಡರು. ನಾನು ನಗಲಿಲ್ಲ. ಅವರೆಲ್ಲರ ಎದುರಿಗೆ ನನ್ನ ಹೆಸರು ಹೇಳಿದೆ. ಅವನ ಅಪ್ಪನ ಹೆಸರು, ಅವನ ತಂಗಿಯ ಹೆಸರು, ನಮ್ಮ ಕೋಣೆಯ ಕಿಟಕಿಯಿಂದ ಏನೇನು ಕಾಣುತ್ತದೆ, ಹಿಂದಿನ ದಿನ ಸಾಬರ ಮನೆಯಿಂದ ಏನು ಊಟ ಬಂದಿತ್ತು, ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ಅವನ ಮುಖ ಬಿಳಿಚಿಕೊಂಡಿತು.

"ಇವೆಲ್ಲ ನಿಮ್ಗೆ ಯಾರು ಹೇಳುದ್ರು? ಅವ್ನೇ ಹೇಳುದ್ನಾ? ನಮ್ ಕ್ಯಾನು ನಿಮ್ಮತ್ರ ಇತ್ತು, ಅವ್ನ ವಾಚು ನಿಮ್ ಕೈಲೈತೆ." ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. "ಅವ್ನಿಗೆ ಏನಾಯ್ತು, ಹೇಳಿ ಸಾರ್."

ಆಗ ನಾನು ಬಾಯಿ ಮುಚ್ಚಿದೆ. ನಾನೇ ನಾನು ಎಂದು ತೋರಿಸಲು ನನ್ನ ಹತ್ತಿರ ಇದ್ದದ್ದೆಲ್ಲ, ನನಗೇನೋ ಕೇಡಾಗಿದೆ ಎಂಬುದಕ್ಕೆ ಅವನಿಗೆ ಸಾಕ್ಷಿಯಾಗುತ್ತಿತ್ತು. ಕಟ್ಟೆಯ ಮೇಲಿದ್ದವರ ನಗುವೂ ನಿಂತಿತ್ತು. "ಬಿಸ್ಲು ಒಡ್ದೈತೆ" ಎಂದ ಒಬ್ಬ. "ಗಾಳಿ ಸೋಕೈತೆ" ಎಂದ ಇನ್ನೊಬ್ಬ. ರಂಗಪ್ಪ ಅವನ ತಲೆಗೆ ತಟ್ಟಲು ಒಂದು ಚೊಂಬು ನೀರು ತರಿಸುವಷ್ಟರಲ್ಲಿ ಅವನು ಅಲ್ಲಿಂದ ಬಿಡಿಸಿಕೊಂಡು ಬಸ್ಸು ನಿಲ್ಲುವ ಮರದ ಕಡೆ ಓಡಿದ.

ಸೌತೆಕಾಯಿಯವಳು ಅಲ್ಲೇ ಇದ್ದಳು. ಅವಳಿಗೂ ಅದನ್ನೇ ಕೇಳಿದ. ನಾನು ಅವನ ಹಿಂದೆ, ಅವಳಿಗೆ ಕಾಣುವಂತೆಯೇ ನಿಂತಿದ್ದೆ. ಅವಳು ಯೋಚನೆ ಮಾಡಲೂ ಇಲ್ಲ.

"ಆ ಅಯ್ಯನಾ? ಆಗ್ಲೇ ಕೆರೆ ಕಡೀಕೆ ವೋದ್ರಲ್ಲಪ್ಪ."

ನಂಜುಂಡ ಓಡಿದ. ನಾನೂ ಓಡಿದೆ. ಹಿಂದೆ ರಂಗಪ್ಪ, ಅವನ ಹಿಂದೆ ಇನ್ನಷ್ಟು ಜನ.

ಬೇಸಿಗೆಯಲ್ಲವೇ, ಕೆರೆಯ ನಟ್ಟನಡುವೆ ಮಾತ್ರ ನೀರು ಉಳಿದಿತ್ತು. ಸುತ್ತ ಬಿರುಕುಬಿಟ್ಟ ನೆಲ, ಆಮೇಲೆ ನೋಡಲು ಗಟ್ಟಿಯೆನ್ನಿಸುವ ಕೆಸರು, ಆಮೇಲೆ ನೀರು. ನಂಜುಂಡ ಕೆರೆ ಏರಿಯಿಂದ ಇಳಿದು ನೇರ ಕೆಸರಿನೊಳಕ್ಕೆ ನುಗ್ಗಿದ. ಹತ್ತು ಮಾರು ಹೋಗುವಷ್ಟರಲ್ಲಿ ಮೊಣಕಾಲವರೆಗೆ ಹೂತ. ಇನ್ನೂ ಮುಂದೆ ಹೋದ. ನಾನು ಅವನ ಹೆಸರು ಹಿಡಿದು ಕಿರುಚಿದೆ. ನನ್ನ ದನಿ ಅವನಿಗೆ ಗೊತ್ತಾಗಬೇಕಿತ್ತು. ವಾರಗಟ್ಟಲೆ ಒಂದೇ ಕೋಣೆಯಲ್ಲಿ ಕೇಳಿದ ದನಿ. ಅವನು ತಿರುಗಲೇ ಇಲ್ಲ. ನೀರಿನ ಒಂದು ಜಾಗವನ್ನೇ ನೋಡುತ್ತಿದ್ದ, ಆ ಕಡೆಗೇ ಕೈ ಚಾಚಿದ್ದ.

"ಎದ್ರುಕೊಬ್ಯಾಡ ಕಣ್ಲಾ ಪೇಡಾ, ಬತ್ತಾ ಇವ್ನಿ. ಕೈ ಕೊಡ್ಲಾ. ಇತ್ಲಾಗೆ ಕೈ ಕೊಡು."

ಅವನ ಸೊಂಟದವರೆಗೆ ಕೆಸರು ಬಂದಿತ್ತು. ನಾನೂ ಇಳಿದೆ. ರಂಗಪ್ಪ ಹಿಂದಿನಿಂದ ನನ್ನ ಶರ್ಟು ಹಿಡಿದು ಎಳೆದು ನೆಲಕ್ಕೆ ಕೆಡವಿದ. "ನೀವೂ ವೋಗ್ಬ್ಯಾಡಿ, ನುಂಗ್ಬುಡ್ತದೆ" ಎಂದು ಗದರಿದ. ದಡದಲ್ಲಿ ಬಿದ್ದುಕೊಂಡು ನಾನು ನೋಡುತ್ತಿದ್ದೆ. ನನ್ನನ್ನು ಉಳಿಸಲು ಅವನು ಸಾಯುತ್ತಿದ್ದ. ನಾನು ಅವನಿಂದ ಹತ್ತಿಪ್ಪತ್ತು ಮಾರು ದೂರದಲ್ಲಿ, ಬದುಕಿ, ಬೆವೆತು, ಕೂಗಿ ಕೂಗಿ ಗಂಟಲು ಹರಿದುಕೊಂಡು ಬಿದ್ದಿದ್ದೆ.

ಅವನು ಕೈ ಚಾಚಿದ ಜಾಗದಲ್ಲಿ ನಾನೇನಾದರೂ ಕಂಡೆನೇ ಎಂದು ಕೆಲವರು ಕೇಳಿದ್ದಾರೆ. ಇಲ್ಲ. ಬಿಸಿಲಿಗೆ ನೀರು ಥಳಥಳಿಸುತ್ತಿತ್ತು, ಅಷ್ಟೇ.

ದನ ಕಟ್ಟುವ ಹಗ್ಗಗಳನ್ನು ಗಂಟುಹಾಕಿ, ಹಲಗೆಯೊಂದನ್ನು ಕೆಸರಿನ ಮೇಲೆ ಇಟ್ಟು, ರಂಗಪ್ಪ ಮತ್ತು ಇನ್ನಿಬ್ಬರು ಅವನ ಕಂಕುಳಿಗೆ ಹಗ್ಗ ಸಿಕ್ಕಿಸಿ ಎಳೆದರು. ಬರಲು ಅವನು ಒಪ್ಪಲಿಲ್ಲ, ಹೊಡೆದಾಡಿದ. ದಡಕ್ಕೆ ತಂದು ಹಾಕಿದ ಮೇಲೆ ಎದ್ದು ಕೂತು ಅತ್ತ. ನಾನು ಸತ್ತರೆ ನನ್ನ ಗೆಳೆಯ ಹೇಗೆ ಅಳುತ್ತಾನೆಂಬುದನ್ನು ನಾನು ಬದುಕಿರುವಾಗಲೇ ನೋಡಿದೆ. "ಅವ್ರವ್ವಂಗೆ ಏನಂತ ಏಳ್ಲಿ, ಅವ್ರವ್ವಂಗೆ ಏನಂತ ಏಳ್ಲಿ" ಎಂದು ಅದನ್ನೇ ಹೇಳುತ್ತಿದ್ದ. ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತು ನಾನೂ ಅಳುತ್ತಿದ್ದೆ. ಅವನು ಮುಖವೆತ್ತಿ, ನಾನು ಅಳುವುದನ್ನು ಕಂಡು, ಕೆಸರು ಮೆತ್ತಿದ ಕೈಯಿಂದ ನನ್ನ ಮೊಣಕೈ ಮುಟ್ಟಿ ನನಗೇ ಸಮಾಧಾನ ಮಾಡಿದ.

ಒಂದಿಬ್ಬರು ಉದ್ದನೆಯ ಬಿದಿರ ಗಳ ತಂದು ಆ ಜಾಗದಲ್ಲೆಲ್ಲ ಚುಚ್ಚಿ ನೋಡಿದರು. ನಾನು ಎದುರಿಗೇ ಇದ್ದೆ, ಆದರೂ ಅವರು ನೋಡಿದರು. ನಾನೂ ಆ ಗಳದ ತುದಿಯನ್ನೇ ನೋಡುತ್ತ ನಿಂತೆ. ಏನೂ ಸಿಗಲಿಲ್ಲ. ಕೊನೆಗೆ ರಂಗಪ್ಪನೇ ಒಂದು ಉಪಾಯ ಮಾಡಿದ. "ನಿನ್ನ ಸ್ನೇಯಿತ ಮೊದುಲ್ನೆ ಬಸ್ಸತ್ತಿ ವೊಂಟೋಗಿರ್ಬೇಕು ಕಣಪ್ಪ. ರೂಮ್ನಾಗೇ ಅವ್ನೆ, ವೋಗಿ ನೋಡು. ಇವ್ರು ನಿನ್ನ ಜೊತೇಲಿ ಬತ್ತಾರೆ" ಎಂದ. ನಂಜುಂಡ ಕಣ್ಣೊರೆಸಿಕೊಂಡ. ಆ ಮಾತನ್ನು ನಂಬಲು ಅವನಿಗೆ ಬಹಳ ಆಸೆಯಿತ್ತು.

ಬಸ್ಸಿಗೆ ಕಾಯುವಾಗ ನಾನು ಸೌತೆಕಾಯಿಯವಳ ಹತ್ತಿರ ಹೋಗಿ ಕೇಳಿದೆ. ಕೆರೆ ಕಡೆ ಹೋದದ್ದು ಯಾರು, ನೀವು ನೋಡಿದಿರಾ, ಅಥವಾ ಅವನು ಕೇಳಿದನೆಂದು ಸುಮ್ಮನೆ ಹೇಳಿದಿರಾ ಎಂದು. ಅವಳಿಗೆ ಸಿಟ್ಟು ಬಂತು. "ಸುಮ್ಕೆ ಯಾಕೆ ಏಳ್ಲಪ್ಪ? ಮೂರು ಜನ ಬಂದ್ರಿ. ಮೂರು ಕಾಯಿ ಸೀಳ್ಕೊಟ್ಟೆ. ನೀವಿಬ್ರು ಕ್ವಾಟೆ ಕಡೀಕೆ ವೋದ್ರಿ, ಅವ್ರು ಕೆರೆ ಕಡೀಕೆ ವೋದ್ರು." ಅವರು ಹೇಗಿದ್ದರು ಎಂದೆ. ನನ್ನನ್ನು ಒಮ್ಮೆ ನೋಡಿ, "ನಿಮ್ಮಂಗೇ ಇದ್ರು. ಅಣ್ತಮ್ದೀರು ಅಂದ್ಕೊಂಡೆ" ಎಂದಳು. ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಆ ಬಸ್ಸಿನಿಂದ ಅಲ್ಲಿ ಇಳಿದದ್ದು ನಾವಿಬ್ಬರೇ ಎಂದು ಇವತ್ತಿಗೂ ಆಣೆಯಿಟ್ಟು ಹೇಳಬಲ್ಲೆ.

ಬಸ್ಸಿನಲ್ಲಿ ಅವನು ನನ್ನ ಪಕ್ಕ ಅಪರಿಚಿತನ ಹಾಗೆ, ಸ್ವಲ್ಪ ಜಾಗ ಬಿಟ್ಟು ಕೂತ. ಗುಬ್ಬಿಯಲ್ಲಿ ಸೋಡ ಕುಡಿಸಿದೆ. ಆಮೇಲೆ ತಾನಾಗಿ ಮಾತಾಡಿದ, ನನ್ನ ಬಗ್ಗೆಯೇ. "ಒಳ್ಳೆ ಹುಡ್ಗ ಸಾರ್. ಬೆಳಿಗ್ಗೆ ಎಬ್ಬುಸುದ್ರೆ ಮಾತ್ರ ಸಿಟ್ಟು. ಮನೆ ನೆನಪಾಗಿ ಒಂದೊಂದ್ಸಲ ಗೋಡೆ ಕಡೆ ತಿರುಕ್ಕೊಂಡು ಅಳ್ತಾನೆ. ನಾನು ನೋಡ್ದಂಗೆ ಇದ್ಬುಡ್ತೀನಿ." ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಸಂಜೆ ತುಮಕೂರು ತಲುಪಿದಾಗ ಅವನು ಮೆಟ್ಟಿಲು ಹಾರಿ ಕೋಣೆಗೆ ಓಡಿದ. ಬೀಗ ಹಾಕಿತ್ತು. ಕೆಳಗೆ ಬಂದು ಗಫಾರ್ ಸಾಬರನ್ನು "ಪೇಡಾ ಬಂದ್ನಾ?" ಎಂದು ಕೇಳಿದ. ಅವರು ನನ್ನ ಕಡೆ ಕೈ ತೋರಿಸುವಷ್ಟರಲ್ಲಿ ನಾನು ಬೇಡವೆಂದು ಸನ್ನೆ ಮಾಡಿದೆ. ಅವನ ಮೈ ಕೆಂಡದ ಹಾಗೆ ಸುಡುತ್ತಿತ್ತು. ಸಾಬರ ಹೆಂಡತಿ ಗಂಜಿ ಕುಡಿಸಿ ಮಲಗಲು ಹೇಳಿದರು. ಮೇಲೆ ಹೋಗುವ ಮುಂಚೆ ಅವನು ನನಗೆ ಕೈ ಮುಗಿದ. "ತುಂಬ ತೊಂದ್ರೆ ತಗೊಂಡ್ರಿ ಸಾರ್. ಇನ್ನು ನೀವು ಮನೆಗೆ ಹೋಗಿ" ಎಂದು ಬಾಗಿಲು ಹಾಕಿಕೊಂಡ. ನನ್ನ ಮನೆ ಆಗ ಅದೇ ಕೋಣೆ. ಸಾಬರಿಗೆ ನಡೆದದ್ದು ಹೇಳಿ, ಅವರ ಜಗಲಿಯಲ್ಲಿ ಚಾಪೆ ಹಾಸಿಕೊಂಡೆ. "ಅವ್ನ ಜೊತೆ ವಾದ ಮಾಡ್ಬೇಡಿ, ಜಾಸ್ತಿ ಆಗುತ್ತೆ. ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗೋಣ" ಎಂದರು ಸಾಬರು.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಕಾಲಿಗೆ ಬಿದ್ದ ಒದೆ. "ಏನ್ಲಾ ಪೇಡಾ, ಇಲ್ಲಿ ಬಿದ್ದಿದೀಯಾ? ನೆನ್ನೆ ನನ್ನ ಬುಟ್ಟು ಎಲ್ಲೋಗಿದ್ಲಾ?" ಎಂದು ನನ್ನ ಬೆನ್ನಿಗೆ ಗುದ್ದಿ, ಆಮೇಲೆ ತಬ್ಬಿಕೊಂಡು ಬಿಡಲೇ ಇಲ್ಲ. ನನಗೆ ಹೋದ ಜೀವ ಬಂದಂತಾಯಿತು. ಆದರೆ ಅವನಿಗೆ ಹಿಂದಿನ ದಿನ ಪೂರ್ತಿ ನೆನಪಿತ್ತು. ಕೋಟೆ, ಕೆರೆ, ರಂಗಪ್ಪ, ಹಗ್ಗ, ಗುಬ್ಬಿಯ ಸೋಡ, ಎಲ್ಲ. ಅದರಲ್ಲಿ ನಾನೊಬ್ಬ ಇರಲಿಲ್ಲ. ನನ್ನ ಜಾಗದಲ್ಲಿ ಯಾರೋ ಒಬ್ಬ ಒಳ್ಳೆಯ ಮನುಷ್ಯನಿದ್ದ, ಹೆಸರು ಕೇಳಲು ಮರೆತೆನಲ್ಲ ಎಂದು ಪೇಚಾಡಿದ.

ಡಾಕ್ಟರು ಬಿಸಿಲಿನ ಹೊಡೆತ ಎಂದರು. ಮುಂದೆ ಎಷ್ಟೋ ವರ್ಷಗಳ ಮೇಲೆ ನನ್ನ ಪರಿಚಯದ ಇನ್ನೊಬ್ಬ ಡಾಕ್ಟರು, ತಲೆಗೆ ತಾಪ ಏರಿದಾಗ ಹತ್ತಿರದವರ ಗುರುತೇ ಸಿಗದಿರುವುದುಂಟು ಎಂದು ವಿವರಿಸಿದರು. ಇರಬಹುದು. ಎಷ್ಟೋ ಸಲ ಅದನ್ನೇ ಹೇಳಿಕೊಂಡು ಸಮಾಧಾನಪಡುತ್ತೇನೆ. ಆದರೆ ನೆರಳಲ್ಲಿ ಕೂತು ಸೌತೆಕಾಯಿ ಸೀಳುತ್ತಿದ್ದ ಆ ಹೆಂಗಸಿಗೆ ಯಾವ ಬಿಸಿಲು ಹೊಡೆದಿತ್ತು? ಅದನ್ನು ಕೇಳಿದರೆ ಡಾಕ್ಟರು ನಕ್ಕುಬಿಟ್ಟರು.

ಉಳಿದ ವಾರಗಳಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ. ಭಾನುವಾರ ಬಂದರೆ ಬಟ್ಟೆ ಒಗೆದು ಮಲಗುತ್ತಿದ್ದೆವು. ಅವನು ಮೊದಲಿನಂತೆಯೇ ಇದ್ದ, ಬಹುಪಾಲು. ನಾನು ಕನ್ನಡಿಯೆದುರು ಗಡ್ಡ ಹೆರೆಯುವಾಗ ಮಾತ್ರ ಹಿಂದಿನಿಂದ ನನ್ನನ್ನೇ ನೋಡುತ್ತಿರುತ್ತಿದ್ದ. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ನಮ್ಮ ಮನೆಯ ಏನನ್ನೋ ಕೇಳುವನು, ನಾನು ಸರಿಯಾಗಿ ಹೇಳಿದರೂ ಮಂಕಾಗುವನು. ನನ್ನನ್ನು ನಿದ್ದೆಯಿಂದ ಎಬ್ಬಿಸುವುದನ್ನು ಬಿಟ್ಟುಬಿಟ್ಟ.

ತರಬೇತಿ ಮುಗಿದ ದಿನ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಅವನು ನನ್ನನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದ. ಟ್ರಂಕು ಮೇಲಕ್ಕೇರಿಸಿ, ಕಿಟಕಿಯ ಹತ್ತಿರ ಬಂದು ನಿಂತ. ಆ ಭಾನುವಾರ ಬಿಟ್ಟರೆ, ಅಲ್ಲಿಯವರೆಗೆ ನನ್ನೊಡನೆ 'ಲಾ' ಇಲ್ಲದೆ ಒಂದು ಮಾತೂ ಆಡಿರಲಿಲ್ಲ. ಬಸ್ಸು ಸ್ಟಾರ್ಟ್ ಆದ ಮೇಲೆ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ನನ್ನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು. ಬಹಳ ಮೆಲ್ಲಗೆ, ಬೇರೆಯವರಿಗೆ ಕೇಳಬಾರದೆಂಬಂತೆ ಹೇಳಿದ:

"ನೀವು ತುಂಬ ಒಳ್ಳೆಯವ್ರು ಸಾರ್. ಇಷ್ಟು ದಿನ ನನ್ನ ಜೊತೇಲಿದ್ರಿ. ಅವ್ನೇನಾದ್ರೂ ಸಿಕ್ಕುದ್ರೆ, ನಾನು ತುಂಬ ಹುಡುಕ್ದೆ ಅಂತ ಹೇಳಿ."

ಬಸ್ಸು ಹಿಂದಕ್ಕೆ ಸರಿದು ತಿರುಗತೊಡಗಿತ್ತು. ನಾನು ಅವನ ಮುಖ ನೋಡಿದೆ. ಚೇಷ್ಟೆಯ ಒಂದು ಗೆರೆಗಾಗಿ ಹುಡುಕಿದೆ. ಸಿಗಲಿಲ್ಲ.

"ಹೇಳ್ತೇನ್ರಿ" ಎಂದೆ.